ಚಮಚ ಗಂಡು, ಫೋರ್ಕ್ ಹೆಣ್ಣು: ಜರ್ಮನ್ ಕಲಿಕೆಯ ಐದನೇ ತಿಂಗಳು

ಜೂನ್‌ನಲ್ಲಿ ಒಂಬತ್ತನೇ ತರಗತಿ ಶುರುವಾದಾಗ ಕೊಂಡಿದ್ದ ಇನ್ನೂರು ಪುಟದ ನೋಟ್‌ಬುಕ್ಕು ಈ ವಾರ ತುಂಬಿತು. ಬರೆದ ಪದಗಳನ್ನು ಎಣಿಸಿದೆ: 612. ಅಮ್ಮ ಒಂದೊಂದೇ ಕನ್ನಡ ಪದ ಹೇಳುತ್ತಾ ಹೋದಾಗ, ನೋಡದೆ ಜರ್ಮನ್‌ನಲ್ಲಿ ಹೇಳಲು ಬಂದದ್ದು 430. ಉಳಿದವುಗಳಲ್ಲಿ ಹೆಚ್ಚಿನವು ಪದ ನೆನಪಿದ್ದರೂ ಲಿಂಗ ತಪ್ಪಿದವು.

ಲಿಂಗದ್ದೇ ದೊಡ್ಡ ಕೆಲಸ. ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಾಸ್. ನಾನು ನೀಲಿ, ಕೆಂಪು, ಹಸಿರು ಪೆನ್ನುಗಳಲ್ಲಿ ಬರೆಯುತ್ತೇನೆ. ಕನ್ನಡದಲ್ಲಿ ಊಟದ ಮೇಜಿನ ಮೇಲಿರುವುದೆಲ್ಲ 'ಅದು'. ಜರ್ಮನ್‌ನಲ್ಲಿ ಚಮಚ ನೀಲಿ (ಡೇರ್ ಲ್ಯೋಫೆಲ್), ಫೋರ್ಕ್ ಕೆಂಪು (ಡೀ ಗಾಬೆಲ್), ಚಾಕು ಹಸಿರು (ಡಾಸ್ ಮೆಸ್ಸರ್). ಕಾರಣ ಹುಡುಕುವುದನ್ನು ಎರಡನೇ ತಿಂಗಳಲ್ಲೇ ಬಿಟ್ಟೆ. ಪದದ ಜೊತೆಗೇ ಬಣ್ಣವನ್ನೂ ಬಾಯಿಪಾಠ ಮಾಡುವುದೇ ದಾರಿ.

ಆದರೆ 'ಮೇಟ್‌ಶೆನ್' ಎಂಬ ಪದ ಬಂದಾಗ ನನಗೆ ಖುಷಿಯಾಯಿತು. ಹಾಗೆಂದರೆ ಹುಡುಗಿ, ಆದರೂ ಅದು ನಪುಂಸಕ. 'ಶೆನ್' ಎಂಬ ಪ್ರತ್ಯಯ ಸೇರಿ ಯಾವುದಾದರೂ ಪುಟ್ಟದಾದರೆ ಅದು ಡಾಸ್ ಆಗಿಬಿಡುತ್ತದೆ. ಎಲ್ಲರಿಗೂ ವಿಚಿತ್ರವೆನಿಸುವ ಈ ನಿಯಮ ನನಗೆ ಮನೆಯದೇ ಅನಿಸಿತು. ನಮ್ಮದು ಪುತ್ತೂರಿನ ಕಡೆಯ ಹವ್ಯಕರ ಮನೆ. ನಮ್ಮ ಮಾತಿನಲ್ಲಿ ಹೆಣ್ಣುಮಕ್ಕಳಿಗೂ 'ಅದು' ಎಂದೇ ಹೇಳುತ್ತೇವೆ. 'ಅಕ್ಕ ಬಂತು' ಎನ್ನುತ್ತೇವೆ. ಎಲ್ಲರ ಕನ್ನಡದಲ್ಲೂ ಮಗು ಅಳುವುದು 'ಅಳುತ್ತದೆ' ಎಂದೇ ತಾನೇ? ಜರ್ಮನ್‌ನ 'ಕಿಂಟ್', ಅಂದರೆ ಮಗು, ಅದೂ ಹಸಿರು ಶಾಯಿಯದೇ.

ಅಲ್ಲಿಂದ ನನ್ನ ಓದುವ ರೀತಿ ಬದಲಾಯಿತು. ಅಲ್ಲಿಯವರೆಗೆ ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿಗೆ ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಈಗ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಹೋಗುತ್ತೇನೆ. 'ಇಶ್ ಬ್ಲೈಬೆ ತ್ಸು ಹೌಸೆ, ವೈಲ್ ಎಸ್ ಹೊಯ್ಟೆ ರೇಗ್ನೆಟ್.' ನಾನು ಮನೆಯಲ್ಲೇ ಇರುತ್ತೇನೆ, ಏಕೆಂದರೆ ಇಂದು ಮಳೆ ಬರುತ್ತದೆ. 'ವೈಲ್' ಬಂದ ಕೂಡಲೇ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ, ನಮ್ಮ 'ಬರುತ್ತದೆ'ಯ ಹಾಗೆಯೇ. ವಿಭಕ್ತಿಗಳು ನಾಲ್ಕೇ. ಪ್ರಥಮಾ, ದ್ವಿತೀಯಾ ಎಂದು ಶಾಲೆಯಲ್ಲಿ ಕಲಿತವರಿಗೆ ಅದು ಹೆದರುವ ವಿಷಯವಲ್ಲ. ಪ್ರತ್ಯಯ ಪದದ ಬಾಲಕ್ಕೆ ಸೇರುವ ಬದಲು ಹೆಚ್ಚಾಗಿ ಮುಂದಿನ ಡೇರ್, ಡೀ, ಡಾಸ್ ಬದಲಾಗುತ್ತವೆ, ಅಷ್ಟೇ. ದೊಡ್ಡವರಿಗೆ 'ಝೀ', ಗೆಳೆಯರಿಗೆ 'ಡೂ'. 'ಅವರು' ಎನ್ನಲೂ ಅದೇ 'ಝೀ'. ಅಜ್ಜನ ಬಗ್ಗೆ ಮಾತನಾಡುವಾಗ ಒಬ್ಬರಿಗೇ 'ಅವರು ಬಂದರು' ಎನ್ನುವ ನಮಗೆ ಬಹುವಚನದಲ್ಲಿ ಗೌರವ ಹೇಗೆ ಬರುತ್ತದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಉಚ್ಚಾರಣೆಗೆ ಮಾತ್ರ ಕನ್ನಡ ಲಿಪಿ ಸಾಲದು. 'ಶೋನ್' ಎಂದರೆ 'ಆಗಲೇ'. 'ಸುಂದರ' ಎನ್ನುವ ಪದವನ್ನೂ ನಾನು ಶೋನ್ ಎಂದೇ ಬರೆದುಕೊಂಡಿದ್ದೆ. ಆದರೆ ಅದರ ಸ್ವರ ಬೇರೆ, ಅದರ ಮೇಲೆ ಎರಡು ಚುಕ್ಕಿಗಳಿವೆ. ಕನ್ನಡಿಯ ಮುಂದೆ ನಿಂತು ಹೀಗೆ ಅಭ್ಯಾಸ ಮಾಡಿದೆ: ಮೊದಲು 'ಏ' ಎಂದು ಎಳೆಯುವುದು, ನಾಲಿಗೆಯನ್ನು ಅಲ್ಲೇ ಇಟ್ಟು ತುಟಿಗಳನ್ನು ಮಾತ್ರ 'ಓ'ಗೆ ಸುತ್ತುವುದು. ಮೂರು ವಾರ, ದಿನಕ್ಕೆ ಹತ್ತು ನಿಮಿಷ. ಈಗ ಬರುತ್ತದೆ. ನಾಲಿಗೆಯನ್ನು 'ಈ'ಯಲ್ಲೂ ತುಟಿಯನ್ನು 'ಊ'ದಲ್ಲೂ ಇಟ್ಟರೆ ಐದಕ್ಕೆ ಹೇಳುವ ಪದದ ಸ್ವರವೂ ಸಿಗುತ್ತದೆ.

ಸಂಖ್ಯೆಗಳಲ್ಲಿ ಹಿಂದೆ ಬಿದ್ದಿದ್ದೇನೆ. 21 ಎಂದರೆ 'ಒಂದು ಮತ್ತು ಇಪ್ಪತ್ತು'. ಅಜ್ಜನ ಬಾಯಲ್ಲಿ ಕೇಳಿದ 'ಏಕವಿಂಶತಿ'ಯ ಕ್ರಮವೇ ಇದು, ಆದರೂ ಯಾರಾದರೂ ವೇಗವಾಗಿ ಹೇಳಿದರೆ 47ನ್ನು 74 ಎಂದು ಬರೆದುಬಿಡುತ್ತೇನೆ. ಗಡಿಯಾರ ಇನ್ನೂ ಕಷ್ಟ. ಚಿಕ್ಕಮ್ಮನ ಮಗಳು ಅಕ್ಕ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಓದುತ್ತಿದೆ. ಕಳೆದ ಭಾನುವಾರ 'ಹಾಲ್ಪ್ ಡ್ರೈ'ಗೆ ಫೋನ್ ಮಾಡು ಎಂದು ಬರೆದಿತ್ತು. 'ಅರ್ಧ ಮೂರು' ಎಂದರೆ ಮೂರೂವರೆ ಎಂದುಕೊಂಡೆ. ಅದು ಎರಡೂವರೆ, ಮೂರರತ್ತ ಅರ್ಧ ದಾರಿ ಸಾಗಿದ ಹೊತ್ತು. ಅಕ್ಕ ಒಂದು ಗಂಟೆ ಕಾದಿತು.

ಆ ಕರೆಗಳಿಂದಲೇ ನನಗೆ ಇಂದಿನ ಜರ್ಮನಿ ತಿಳಿಯುತ್ತಿರುವುದು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಬೇಕರಿ, ರೈಲು ನಿಲ್ದಾಣದ ಮಳಿಗೆಗಳಂಥ ಕೆಲವು ಮಾತ್ರ ತೆರೆದಿರಬಹುದು. ಭಾನುವಾರ ವಿಶ್ರಾಂತಿಯ ದಿನ ಎಂಬ 1919ರ ವೈಮಾರ್ ಸಂವಿಧಾನದ ಮಾತು ಇಂದಿನ ಸಂವಿಧಾನದಲ್ಲೂ ಉಳಿದಿದೆ. ಶನಿವಾರ ಸಂಜೆ ಅಕ್ಕ ಖಾಲಿ ಬಾಟಲಿಗಳ ಚೀಲ ಹೊತ್ತು ಸೂಪರ್ ಮಾರ್ಕೆಟ್‌ಗೆ ಹೋಗುತ್ತದೆ. ಪ್ಲಾಸ್ಟಿಕ್ ಬಾಟಲಿಯನ್ನು ಯಂತ್ರದ ಬಾಯಿಗೆ ಇಟ್ಟರೆ ಒಳಗೆ ಎಳೆದುಕೊಂಡು ಒಂದಕ್ಕೆ 25 ಸೆಂಟ್ ಲೆಕ್ಕದ ಚೀಟಿ ಕೊಡುತ್ತದೆ. ಇದು ಕೊಳ್ಳುವಾಗಲೇ ಕಟ್ಟಿದ ಠೇವಣಿ, ಹೆಸರು 'ಪ್ಫಾಂಟ್'. ವಿಡಿಯೋ ಕರೆಯಲ್ಲಿ ಆ ಯಂತ್ರವನ್ನು ನೋಡಿದ ಮೇಲೆ ಆ ಪದವನ್ನು ನಾನು ಮತ್ತೆ ಓದಬೇಕಾಗಲಿಲ್ಲ. ಅಲ್ಲಿನ ಯುವಕರ ಮಾತಿನಲ್ಲಿ ಇಂಗ್ಲಿಷ್ ಬಹಳ. 2021ರಲ್ಲಿ 'ಯುವಕರ ವರ್ಷದ ಪದ'ವಾಗಿ ಆಯ್ಕೆಯಾದದ್ದು 'ಕ್ರಿಂಜ್', ಅಂದರೆ ನೋಡಿದವರಿಗೇ ಮುಜುಗರವಾಗುವಂಥದ್ದು. ಮೊಬೈಲ್‌ಗೆ ಅವರು 'ಹ್ಯಾಂಡಿ' ಎನ್ನುತ್ತಾರೆ. ಇಂಗ್ಲಿಷಿನವರು ಹಾಗೆ ಹೇಳುವುದೇ ಇಲ್ಲ.

ದೀಪಾವಳಿ ರಜೆಗೆ ಅಜ್ಜನ ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಮಾಡಿನಿಂದ ಇಳಿಸಿದ ಹಳೆಯ ಹೆಂಚುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಒಂದರ ಹಿಂಬದಿಯ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದಾಗ ಉಬ್ಬಿದ ಅಕ್ಷರಗಳು ಕಂಡವು: ಬಾಸೆಲ್ ಮಿಷನ್. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಅಲ್ಲಿಯ ಮಾತು ಜರ್ಮನ್. ಆ ಕ್ರೈಸ್ತ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದೇ ಮಿಷನ್ನಿನ ಹೆರ್ಮನ್ ಮ್ಯೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಎಂಬ ಕನ್ನಡ ಪತ್ರಿಕೆ ತಂದರು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ! ಜರ್ಮನ್ ಮಾತನಾಡುತ್ತ ಬೆಳೆದವರೊಬ್ಬರು 'ಮಗು ಅಳುತ್ತದೆ' ಎಂಬುದನ್ನು ಕೇಳಿ, ಬರೆದುಕೊಂಡು ಕಲಿತಿರಲೇಬೇಕು. ನಾನು ಅದೇ ದಾರಿಯಲ್ಲಿ ಈ ಕಡೆಯಿಂದ ಹೊರಟಿದ್ದೇನೆ ಎಂದು ಆ ಹೆಂಚು ಹಿಡಿದುಕೊಂಡಾಗ ಅನಿಸಿತು.

ಹೊಸ ನೋಟ್‌ಬುಕ್ಕಿನ ಮೊದಲ ಪದವನ್ನು ಅಲ್ಲೇ ಜಗಲಿಯಲ್ಲಿ ಕುಳಿತು ಬರೆದೆ. ಮಾಡಿಗೆ 'ಡಾಸ್ ಡಾಖ್', ಹಸಿರು. ಹೆಂಚಿಗೆ 'ಡೇರ್ ತ್ಸೀಗೆಲ್', ನೀಲಿ. ಎರಡೂ ಸೇರಿದರೆ ಯಾವ ಬಣ್ಣ? ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ ಎಂದು ಕನ್ನಡ ಮೇಷ್ಟ್ರು ಕಲಿಸಿದ್ದು ಇಲ್ಲಿಗೂ ಸರಿಹೋಗುತ್ತದೆ. ಡೇರ್ ಡಾಖ್‌ತ್ಸೀಗೆಲ್. ನೀಲಿ ಪೆನ್ನು ತೆಗೆದುಕೊಂಡೆ.