ಮಧ್ಯಾಹ್ನ ಮಾತ್ರ ಸೋರುತ್ತಿದ್ದ ಬೋಟ್ ಮೋಟಾರ್

ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಿನಲ್ಲಿ ನಾನು ಬೋಟ್ ನಡೆಸುತ್ತೇನೆ. ಮೋಟಾರ್ ರಿಪೇರಿಯೂ ನನ್ನದೇ. ಇದಕ್ಕೆ ಮೊದಲು ತರೀಕೆರೆಯಲ್ಲಿ ಬೈಕ್ ಗ್ಯಾರೇಜಿನಲ್ಲಿದ್ದೆ. ಬೋಟಿನ ಹಿಂದೆ ಕೂರಿಸುವ ಔಟ್‌ಬೋರ್ಡ್ ಮೋಟಾರಿನ ಪಾರ್ಟ್ಸ್ ಬೇಕೆಂದರೆ ನಮಗೆ ಮಂಗಳೂರಿನಿಂದಲೇ ಬರಬೇಕು. ಹಾಗಾಗಿ ಆಗುವಷ್ಟನ್ನು ನಾವೇ ಮಾಡಿಕೊಳ್ಳುತ್ತೇವೆ. ಈ ಬೇಸಿಗೆಯಲ್ಲಿ ಒಂದು ಪೆಟ್ರೋಲ್ ಸೋರಿಕೆ ನನ್ನನ್ನು ನಾಲ್ಕು ದಿನ ಸತಾಯಿಸಿತು. ಇಂಥದೇ ಮೋಟಾರ್ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಹಳೇ ಟೂ ಸ್ಟ್ರೋಕ್ ಮೋಟಾರ್. ಪೆಟ್ರೋಲ್ ಟ್ಯಾಂಕ್ ಬೇರೆ, ಬೋಟಿನ ಒಳಗೆ ಇರುತ್ತದೆ. ಅಲ್ಲಿಂದ ಪೈಪ್, ನಡುವೆ ಕೈಯಲ್ಲಿ ಹಿಸುಕಿ ಪೆಟ್ರೋಲ್ ನೂಕುವ ರಬ್ಬರ್ ಬಲ್ಬ್, ಆಮೇಲೆ ಮೋಟಾರಿಗೆ ಸಿಕ್ಕಿಸುವ ಕನೆಕ್ಟರ್. ಒಳಗೆ ಫಿಲ್ಟರ್, ಪಂಪ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್. ಇಷ್ಟೇ ದಾರಿ. ಇದರಲ್ಲಿ ಎಲ್ಲಿ ಬೇಕಾದರೂ ಸೋರಬಹುದು.

ಮೊದಲ ದಿನ ಮಧ್ಯಾಹ್ನ ಮೋಟಾರಿನ ಕೆಳಗೆ ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ಕಂಡಿತು. ಮುಚ್ಚಳ ತೆಗೆದರೆ ಗಮ್ಮೆಂದು ಪೆಟ್ರೋಲ್ ವಾಸನೆ. ಒಳಗಿನ ತಟ್ಟೆ ಒದ್ದೆ. ಕಾರ್ಬೊರೇಟರ್ ಕೆಳಗಿನ ಪೈಪೂ ಒದ್ದೆ. ಕ್ಲಿಪ್ ಸಡಿಲ ಆಗಿದೆ ಅಂದುಕೊಂಡು ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ಎರಡು ಟ್ರಿಪ್ ಹೋದರೂ ಒಂದು ಹನಿ ಇಲ್ಲ. ಮಧ್ಯಾಹ್ನಕ್ಕೆ ಮತ್ತೆ ಅದೇ ವಾಸನೆ. ಹಗ್ಗ ಎಳೆದರೆ ಮೋಟಾರ್ ಕೆಮ್ಮುತ್ತಿತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ. ಆ ದಿನ ಸಂಜೆ ಹೊರಗಿನ ಪೈಪ್, ಬಲ್ಬ್ ಎರಡನ್ನೂ ಬದಲಾಯಿಸಿದೆ. ಮೂರನೇ ದಿನವೂ ಅದೇ ಕಥೆ.

ನಮ್ಮ ಜೊತೆ ಒಬ್ಬರು ಹಿರಿಯ ಡ್ರೈವರ್ ಇದ್ದಾರೆ. ಅವರು ಬಂದು ಮೋಟಾರ್ ನೋಡಲಿಲ್ಲ, ಟ್ಯಾಂಕ್ ನೋಡಿದರು.

"ಇದೇನೋ ಹೊಟ್ಟೆ ಉಬ್ಬಿದೆ?" ಅಂದರು.

"ಬಿಸಿಲಿಗೆ ಹಾಗಾಗುತ್ತೆ ಅಲ್ವಾ ಅಣ್ಣಾ."

"ಉಬ್ಬಿದ್ದು ಎಲ್ಲಿಗೆ ಹೋಗಬೇಕು ಹೇಳು."

ಅಲ್ಲಿಗೆ ಅರ್ಧ ಗೊತ್ತಾಯಿತು. ಭದ್ರಾ ಡ್ಯಾಮ್ 186 ಅಡಿ ತುಂಬಿದಾಗ ನೀರು ಮರಗಳ ಹತ್ತಿರ ಬರುತ್ತದೆ, ಬೋಟ್ ನೆರಳಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ಬೋಟೂ ಬಯಲಿಗೆ ಇಳಿಯುತ್ತದೆ. ಎಲ್ಲೂ ನೆರಳಿಲ್ಲ. ನಾನು ಟ್ರಿಪ್ ಮುಗಿಸಿ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಗಿ ಮಾಡುತ್ತಿದ್ದೆ, ಆದರೆ ಪೈಪ್ ಬಿಚ್ಚುತ್ತಿರಲಿಲ್ಲ. ಬಿಸಿಲಿಗೆ ಒಳಗಿನ ಆವಿ ಹಿಗ್ಗಿ ಪೆಟ್ರೋಲನ್ನು ಸೀದಾ ಮೋಟಾರಿಗೆ ನೂಕುತ್ತಿತ್ತು.

ಆದರೆ ಒಳ್ಳೆಯ ಮೋಟಾರ್ ಸ್ವಲ್ಪವಾದರೂ ತಡೆಯಬೇಕಿತ್ತು. ಕಾರ್ಬೊರೇಟರ್ ಬಟ್ಟಲಲ್ಲಿ ಪೆಟ್ರೋಲ್ ತುಂಬಿದಾಗ ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು ನೀಡಲ್ ಎಂಬ ಚೂಪು ಕಡ್ಡಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ನಮ್ಮದು ಪೂರ್ತಿ ಮುಚ್ಚುತ್ತಿರಲಿಲ್ಲ.

ಅದನ್ನು ಖಚಿತ ಮಾಡಿಕೊಳ್ಳಲು ನಾಲ್ಕನೇ ದಿನ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಪ್ರತಿ ಜಾಯಿಂಟಿಗೂ ಹಳೇ ಪೇಪರಿನ ಚೂರು ಸುತ್ತಿದೆ. ಬಲ್ಬ್ ಹಿಸುಕಿ ಗಟ್ಟಿ ಮಾಡಿ ಸುಮ್ನೆ ಕೂತೆ. ಮೊದಲು ಒದ್ದೆಯಾದದ್ದು ಕಾರ್ಬೊರೇಟರ್ ಬಾಯಿಯ ಹತ್ತಿರದ ಚೂರು. ಪೈಪಿಗೆ ಸುತ್ತಿದ್ದು ಆಮೇಲೆ ಒದ್ದೆಯಾಯಿತು. ಅಂದರೆ ಮೇಲಿಂದ ಇಳಿದ ಪೆಟ್ರೋಲ್ ಪೈಪಿನ ಮೇಲೆ ಹರಿಯುತ್ತಿತ್ತು, ನಾನು ಎರಡು ದಿನ ಪೈಪನ್ನೇ ಹಿಡಿದುಕೊಂಡಿದ್ದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಬೇಕು.

ಇನ್ನೊಂದು ವಿಷಯ ಬೈಕ್ ಮೆಕ್ಯಾನಿಕ್‌ಗಳಿಗೆ ಬೇಗ ಹೊಳೆಯುವುದಿಲ್ಲ. ಬೈಕಿನಲ್ಲಿ ಟ್ಯಾಂಕ್ ಮೇಲಿರುತ್ತದೆ, ಪೈಪ್ ತೂತಾದರೆ ಯಾವಾಗಲೂ ಸೋರುತ್ತದೆ. ಬೋಟಿನಲ್ಲಿ ಟ್ಯಾಂಕ್ ಕೆಳಗೆ. ಮೋಟಾರ್ ಓಡುವಾಗ ಪಂಪ್ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಆಗ ಪಂಪಿಗೆ ಮೊದಲಿನ ಪೈಪಿನಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹನಿ ಕಾಣುವುದಿಲ್ಲ, ಮೋಟಾರ್ ಮಾತ್ರ ನೀರಿನ ಮಧ್ಯೆ ಸೊರಗಿ ನಿಲ್ಲುತ್ತದೆ. ಓಡುವಾಗ ಸೋರುತ್ತಿಲ್ಲ ಎಂದು ಸಮಾಧಾನಪಡಬೇಡಿ. ಬಲ್ಬ್ ಹಿಸುಕಿಯೇ ನೋಡಿ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆ. ಟ್ಯಾಂಕನ್ನು ದಡಕ್ಕೆ ಹೊತ್ತು ದೂರ ಇಟ್ಟೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ನಿಂತಿರುತ್ತದೆ. ಒಂದು ಕಿಡಿ ಸಾಕು. ಸಹಾಯಕ್ಕೆ ಬಂದ ಹುಡುಗನ ಜೇಬಿನಿಂದ ಬೆಂಕಿಪೊಟ್ಟಣ ತೆಗೆಸಿಯೇ ಹತ್ತಿರ ಬಿಟ್ಟೆ. ಈ ವಿಷಯದಲ್ಲಿ ಮುಲಾಜು ಬೇಡ.

ಬಟ್ಟಲಿನ ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಸ್ಕ್ರೂ ಬಿಚ್ಚಿ, ಫ್ಲೋಟಿನ ಪಿನ್ ಎಳೆದು ನೀಡಲ್ ತೆಗೆದೆ. ತುದಿಯಲ್ಲಿ ಉಂಗುರದ ಹಾಗೆ ಸವೆದ ಗೆರೆ. ಕೂರುವ ಜಾಗದಲ್ಲಿ ಕಪ್ಪು ರಬ್ಬರ್ ಪುಡಿ. ಫಿಲ್ಟರ್ ಇದ್ದೂ ಪುಡಿ ಎಲ್ಲಿಂದ ಬಂತು? ಫಿಲ್ಟರ್ ದಾಟಿದ ಮೇಲೆ ಒಳಗೆ ಗೇಣುದ್ದದ ಪೈಪ್ ಇದೆ. ಹೊರಗಿನದನ್ನು ಬದಲಾಯಿಸಿದ ನಾನು ಅದನ್ನು ಮುಟ್ಟಿರಲಿಲ್ಲ. ಅದರ ಒಳಮೈ ಉದುರುತ್ತಿತ್ತು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್, ಹಳೇ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತನ್ನಿ. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯಾರು ಹೇಳಿದರೂ ಹಾಕಬೇಡಿ.

ಹೊಸ ನೀಡಲ್, ಬಟ್ಟಲಿನ ಗ್ಯಾಸ್ಕೆಟ್, ಒಳಪೈಪ್, ಕನೆಕ್ಟರಿನ ಓ-ರಿಂಗ್ ಹಾಕಿದೆ. ಬಲ್ಬಿನ ಮೇಲಿನ ಬಾಣ ಮೋಟಾರಿನ ಕಡೆಗಿದೆಯೇ ನೋಡಿಕೊಂಡೆ. ಹಿಸುಕಿ ಗಟ್ಟಿ ಮಾಡಿದೆ. ಕಾಲು ಗಂಟೆ ಬಿಟ್ಟು ಮುಟ್ಟಿದರೂ ಗಟ್ಟಿಯಾಗೇ ಇತ್ತು. ಪೇಪರ್ ಚೂರುಗಳೆಲ್ಲ ಒಣ. ಮೋಟಾರಿನ ಮುಚ್ಚಳ ತೆರೆದೇ ಇಟ್ಟು, ವಾಸನೆ ಪೂರ್ತಿ ಹೋದ ಮೇಲೆ ಸ್ಟಾರ್ಟ್ ಮಾಡಿದೆ.

ಇದು ಕಾರ್ಬೊರೇಟರ್ ಮೋಟಾರಿನ ಮಾತು. ಕಾರ್ಬೊರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ಆದರೆ ನಿಲ್ಲಿಸಿದ ಮೇಲೂ ಒಳಪೈಪಿನಲ್ಲಿ ಒತ್ತಡ ಇರುತ್ತದೆ. ಅದನ್ನು ತಿಳಿದವರೇ ಬಿಚ್ಚಲಿ.

ನೀರಿಗೆ ಬಿದ್ದ ಪೆಟ್ರೋಲಿಗೆ ಕೆಲವರು ಸೋಪಿನ ನೀರು ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಪೊರೆ ಕಣ್ಣಿಗೆ ಕಾಣದಂತೆ ನೀರಲ್ಲಿ ಬೆರೆಯುತ್ತದೆ ಅಷ್ಟೇ, ಎಲ್ಲೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮರಿ ಮಾಡುತ್ತವೆ. ಇದೇ ನೀರಿಗೆ ಮುಳುಗಿ ಮೀನು ಹಿಡಿದು ಮರಿಗಳಿಗೆ ಕೊಡುತ್ತವೆ. ಇದೇ ನೀರು ದಾವಣಗೆರೆ ಕಡೆಯ ಗದ್ದೆಗೂ ಹೋಗುತ್ತದೆ. ಸೋರುವ ಮೋಟಾರನ್ನು ನೀರಿಗಿಳಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ಟ್ರಿಪ್ ಮುಗಿದ ಕೂಡಲೇ ಕನೆಕ್ಟರ್ ಬಿಚ್ಚುತ್ತೇವೆ, ಟ್ಯಾಂಕನ್ನು ಮರದ ನೆರಳಿಗೆ ಒಯ್ಯುತ್ತೇವೆ. ನಮ್ಮ ಇನ್ನೊಂದು ಬೋಟಿನ ಒಳಪೈಪೂ ಅಷ್ಟೇ ಹಳೆಯದು. ಅದಕ್ಕೂ ಪೈಪ್, ನೀಡಲ್ ಕಳಿಸಲು ಮಂಗಳೂರಿಗೆ ಹೇಳಿದ್ದೇನೆ. ಬರುವವರೆಗೆ ಆ ಬೋಟಿಗೆ ಜನ ಹತ್ತಿಸುತ್ತಿಲ್ಲ.