‘ಅಡ್ಡಿಲ್ಲೆ’ ಎಂದ ರೋಗಿಯನ್ನು ಎಬ್ಬಿಸಿ ನಡೆಸುವುದು

ಶಿರಸಿಯಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನನಗೆ, ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ನೋಡಿ ‘ಫಿಟ್’ ಎಂದು ಬರೆದುಕೊಡುವುದು ನಿತ್ಯದ ಕೆಲಸ. ಆ ಪದವನ್ನು ಎಷ್ಟು ಹಗುರವಾಗಿ ಬರೆಯುತ್ತಿದ್ದೆನೆಂಬುದು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 76 ವರ್ಷದ ಅಡಿಕೆ ಬೆಳೆಗಾರರೊಬ್ಬರಿಂದ ನನಗೆ ತಿಳಿಯಿತು.

ಅವರ ಇಸಿಜಿ, ಎಕೋ, ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಯಾವುದರಲ್ಲಿಯೂ ತಡೆಯುವಂಥದ್ದು ಇರಲಿಲ್ಲ. ಓಡಾಟ ಹೇಗಿದೆ ಎಂದು ಕೇಳಿದಾಗ, ಮಲಗಿದ್ದಲ್ಲಿಂದಲೇ “ಅಡ್ಡಿಲ್ಲೆ, ಎಂತೂ ತೊಂದ್ರೆ ಇಲ್ಲೆ” ಎಂದರು. ಅವರನ್ನು ಮಂಚದಿಂದ ಇಳಿಸಿ ನೋಡದೆಯೇ ನಾನು ಸಹಿ ಹಾಕಿದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಮೂರನೆಯ ರಾತ್ರಿ ಎಲ್ಲಿದ್ದೇನೆಂಬ ಅರಿವು ತಪ್ಪಿ ನಳಿಕೆಗಳನ್ನು ಕಿತ್ತುಕೊಂಡರು, ಆಮೇಲೆ ನ್ಯುಮೋನಿಯಾ ಆಯಿತು. ಒಂದು ತಿಂಗಳ ನಂತರ ಮನೆಗೆ ಹೊರಟಾಗ ಅವರನ್ನು ಇಬ್ಬರು ಎತ್ತಿ ಕಾರಿನಲ್ಲಿ ಕೂರಿಸಬೇಕಾಯಿತು. ಆ ದಿನ ಅವರ ಸೊಸೆ ಹೇಳಿದ ಮಾತು ಇಂದಿಗೂ ನೆನಪಿದೆ: “ದೀಪಾವಳಿಯಿಂದ ಈಚೆಗೆ ಮಾವ ತೋಟಕ್ಕೆ ಇಳಿದೇ ಇರಲಿಲ್ಲ, ಡಾಕ್ಟ್ರೇ. ಊಟವೂ ಅರ್ಧಕ್ಕರ್ಧ ಕಡಿಮೆ ಆಗಿತ್ತು.” ಅದನ್ನು ಆಕೆ ಮುಚ್ಚಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ.

ನಮ್ಮ ಪರೀಕ್ಷೆಗಳು ಒಂದೊಂದೇ ಅಂಗವನ್ನು, ಅದೂ ವಿಶ್ರಾಂತಿಯಲ್ಲಿರುವಾಗ, ನೋಡುತ್ತವೆ. ದೊಡ್ಡ ಪೆಟ್ಟೊಂದನ್ನು ತಾಳಿಕೊಂಡು ಮತ್ತೆ ಎದ್ದು ನಿಲ್ಲಲು ದೇಹದಲ್ಲಿ ಉಳಿದಿರುವ ಕಸುವು ಅವುಗಳಲ್ಲಿ ಕಾಣುವುದಿಲ್ಲ. ಆ ಕಸುವು ಕುಸಿದ ಸ್ಥಿತಿಯನ್ನೇ ವೈದ್ಯರು ‘ಫ್ರೇಲ್ಟಿ’ ಎನ್ನುವುದು. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಅದಕ್ಕೆ ಐದು ಲಕ್ಷಣಗಳನ್ನು ಗುರುತಿಸಿದರು: ತಾನಾಗಿ ತೂಕ ಇಳಿಯುವುದು, ಸದಾ ದಣಿವು, ಕೈಹಿಡಿತದ ಬಲ ಕುಂದುವುದು, ನಡಿಗೆ ನಿಧಾನವಾಗುವುದು, ಚಟುವಟಿಕೆ ತಗ್ಗುವುದು. ಇವುಗಳಲ್ಲಿ ಮೂರಿದ್ದರೆ ಫ್ರೇಲ್ಟಿ ಇದೆಯೆಂದೇ ಲೆಕ್ಕ. ಕೆನಡಾದ ವೈದ್ಯ ಕೆನೆತ್ ರಾಕ್‌ವುಡ್ ಅವರ 9 ಹಂತಗಳ ಅಳತೆಯೂ ಬಳಕೆಯಲ್ಲಿದೆ. ವಯಸ್ಸು ಮಾತ್ರ ಇದಕ್ಕೆ ಅಳತೆಗೋಲಲ್ಲ. 84ರಲ್ಲಿ ಕೊಡಪಾನ ಹೊರುವವರನ್ನೂ 66ರಲ್ಲಿ ಗೋಡೆ ಹಿಡಿದು ನಡೆಯುವವರನ್ನೂ ಒಂದೇ ವಾರದಲ್ಲಿ ನೋಡಿದ್ದೇನೆ.

ಈ ಅಳತೆಗಳ ಪ್ರಶ್ನೆಗಳನ್ನು ನಾನು ಇಲ್ಲಿನ ಬದುಕಿಗೆ ಹೊಂದಿಸಿಕೊಂಡು ಕೇಳುತ್ತೇನೆ. ಮನೆಯಿಂದ ತೋಟಕ್ಕೆ ಇಳಿದವರು ಎಲ್ಲಿಯೂ ಕೂರದೆ ಹತ್ತಿ ಬರುತ್ತಾರೆಯೇ? ಮಣೆಯ ಮೇಲೆ ಊಟಕ್ಕೆ ಕುಳಿತವರು ಕೈಯೂರದೆ ಏಳುತ್ತಾರೆಯೇ? ‘ಆರು ತಿಂಗಳ ಹಿಂದೆ’ ಎಂದರೆ ಯಾರಿಗೂ ಸರಿಯಾಗಿ ನೆನಪಾಗುವುದಿಲ್ಲ, ಆದರೆ ಹೋದ ಮಾರಿಕಾಂಬಾ ಜಾತ್ರೆಯಲ್ಲಿ ಎಷ್ಟು ಸುತ್ತಿದಿರಿ, ಈ ಸಲ ಅಡಿಕೆ ಕೊನೆಕೊಯ್ಲಿಗೆ ಎಷ್ಟು ಹೊತ್ತು ನಿಂತಿರಿ ಎಂದರೆ ಇಳಿಜಾರು ತಾನಾಗಿ ಕಾಣುತ್ತದೆ. ಇದೇ ಪ್ರಶ್ನೆಗಳನ್ನು ಮನೆಯಲ್ಲಿ ಬಡಿಸುವವರಿಗೂ ಬೇರೆಯಾಗಿ ಕೇಳುತ್ತೇನೆ. ಬಳಿಕ ರೋಗಿಯನ್ನು ಕುರ್ಚಿಯಿಂದ ಎಬ್ಬಿಸಿ, 3 ಮೀಟರ್ ನಡೆಸಿ, ತಿರುಗಿಸಿ, ಮತ್ತೆ ಕೂರಿಸಿ ಹೊತ್ತು ಎಣಿಸುತ್ತೇನೆ. 15 ಸೆಕೆಂಡು ಅಥವಾ ಹೆಚ್ಚು ತಗುಲಿದರೆ ಶಸ್ತ್ರಚಿಕಿತ್ಸಕರೊಡನೆ ಮಾತಾಡದೆ ಮುಂದುವರಿಯುವುದಿಲ್ಲ.

ಫ್ರೇಲ್ಟಿ ಇದೆಯೆಂದು ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸುವುದು ಇನ್ನೊಂದು ತಪ್ಪು, ಏಕೆಂದರೆ ಆ ಸೊರಗಿನಲ್ಲಿ ಸ್ವಲ್ಪ ಭಾಗ ಕ್ಯಾನ್ಸರಿನದೇ ಆಗಿದ್ದು, ಅದನ್ನು ತಿದ್ದಲು ಸಾಧ್ಯವಿರುತ್ತದೆ. ಕಳೆದ ವರ್ಷ ಬಂದ ಸಿದ್ದಾಪುರದ ಕಡೆಯ ಅಜ್ಜಿಯೊಬ್ಬರಿಗೆ ಕರುಳಿನ ಕ್ಯಾನ್ಸರಿನಿಂದ ರಕ್ತ ಸೋರಿ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು, ನಡಿಗೆಗೆ 19 ಸೆಕೆಂಡು ಹಿಡಿಯಿತು. ಕರುಳು ಕಟ್ಟಿಕೊಂಡಿರಲಿಲ್ಲವಾದ್ದರಿಂದ ಮೂರು ವಾರ ಕಾಯಬಹುದೆಂದು ಶಸ್ತ್ರಚಿಕಿತ್ಸಕರು ಒಪ್ಪಿದರು. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟೆವು. ಬರೀ ಗಂಜಿಯಲ್ಲಿದ್ದವರಿಗೆ ಹಾಲು, ಮೊಸರು, ಹೆಸರುಕಾಳು ಸೇರಿಸಿದೆವು. ದಿನಕ್ಕೆ ಎರಡು ಬಾರಿ ಅಂಗಳದಲ್ಲಿ ನಡೆಸುವ, ಉಸಿರಿನ ವ್ಯಾಯಾಮ ಮಾಡಿಸುವ ಹೊಣೆಯನ್ನು ಮೊಮ್ಮಗಳು ವಹಿಸಿಕೊಂಡಳು.

ಮೂರು ವಾರದ ಬಳಿಕ ಅದೇ ನಡಿಗೆಗೆ 14 ಸೆಕೆಂಡು ಸಾಕಾಯಿತು. ಆದರೂ ಅಪಾಯ ಪೂರ್ತಿ ಹೋಗಿಲ್ಲವೆಂದು, ಗೊಂದಲದ ರಾತ್ರಿಗಳು ಬರಬಹುದೆಂದು ಮನೆಯವರಿಗೆ ಮೊದಲೇ ವಿವರಿಸಿದ್ದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಹಾಗೆಯೇ ಒಂದು ರಾತ್ರಿ ಗೊಂದಲವಾಯಿತು. ಮೊಮ್ಮಗಳು ಕನ್ನಡಕ ಹಾಕಿಸಿ, ದೀಪ ಹಚ್ಚಿ, ಬೆಳಗಾಗುವವರೆಗೆ ಕೈ ಹಿಡಿದು ಕುಳಿತಿದ್ದಳು. ಒಂಬತ್ತನೆಯ ದಿನ ಅಜ್ಜಿ ಅವಳ ಹೆಗಲ ಮೇಲೆ ಕೈಯಿಟ್ಟು ವಾರ್ಡಿನಿಂದ ನಡೆದೇ ಹೊರಗೆ ಹೋದರು.