ಹಳೇ ಪಿಕಪ್ಪಿನ ಬಿಗಿದ ಸ್ಪಾರ್ಕ್ ಪ್ಲಗ್: ಕಾಪಾಡಬೇಕಾದದ್ದು ಹೆಡ್ಡಿನ ಥ್ರೆಡ್

ನಮ್ಮ ಗ್ಯಾರೇಜು ಸುಂಟಿಕೊಪ್ಪದ ಹತ್ತಿರ, ಕುಶಾಲನಗರದಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿದೆ. ಹಳೇ ಪೆಟ್ರೋಲ್ ಪಿಕಪ್‌ಗಳು ಇಲ್ಲಿಗೆ ಜಾಸ್ತಿ ಬರುವುದು ಮಳೆ ನಿಂತ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಸಾಗಿಸುವ ಮಾಲು ಕಡಿಮೆ. ಗಾಡಿ ಶೆಡ್ಡಿನಲ್ಲೇ ನಿಂತಿರುತ್ತದೆ. ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತಿದ್ದಂತೆ ಎಲ್ಲರಿಗೂ ಒಟ್ಟಿಗೇ ಗಾಡಿ ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರೂ ಆಗಲೇ ಕೊಳ್ಳುತ್ತಾರೆ. ಅವರು ಹೇಳುವ ತೊಂದರೆ ಹೆಚ್ಚುಕಮ್ಮಿ ಒಂದೇ. ಖಾಲಿ ಇದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ, ಲೋಡ್ ಹಾಕಿ ಏರು ಹತ್ತಿಸಿದರೆ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಎಂಜಿನ್ ನಡುನಡುವೆ ಉರಿ ತಪ್ಪಿ ಜಗ್ಗುತ್ತದೆ.

ಏರಿನಲ್ಲಿ ಮಾತ್ರ ಯಾಕೆ ಹೀಗೆ? ಲೋಡ್ ಇದ್ದಾಗ ಆಕ್ಸಿಲರೇಟರ್ ಜಾಸ್ತಿ ತುಳಿಯುತ್ತೇವೆ. ಸಿಲಿಂಡರಿಗೆ ಗಾಳಿ, ಪೆಟ್ರೋಲ್ ಎರಡೂ ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ಗ್ಯಾಪಿನಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್ ಅಗಲವಾಗಿದ್ದರೆ, ಅಥವಾ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ಲಿನ ರಬ್ಬರ್ ಸೀಳಿದ್ದರೆ, ಕರೆಂಟು ಸುಲಭದ ದಾರಿ ಹಿಡಿದು ಹೊರಗೇ ಸೋರಿಹೋಗುತ್ತದೆ. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಹಾಗಾಗಿ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಏರಿನಲ್ಲಿ ತುಳಿಯಬೇಡಿ. ಪ್ಲಗ್ಗಿನ ದುಡ್ಡು ಉಳಿಸಲು ಹೋದರೆ ಕನ್ವರ್ಟರ್ ಹಾಳಾಗುತ್ತದೆ.

ಕಳೆದ ಸೀಸನ್ನಿನಲ್ಲಿ ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಆಗಷ್ಟೇ ಕೊಂಡ ಪಿಕಪ್ ತಂದರು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ. ಸೀಟು ಎತ್ತಿದರೆ ಎಂಜಿನ್. ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್.

"ಮೇಸ್ತ್ರೀ, ಪ್ಲಗ್ ಬದಲಾಯಿಸಿ ಕೊಡಿ. ಅರ್ಧ ಗಂಟೆ ಕೆಲಸ ಅಲ್ವಾ? ಸಂಜೆ ಹಣ್ಣು ಪಲ್ಪರಿಗೆ ಹೋಗಬೇಕು" ಅಂದರು.

ಅವರ ಅವಸರ ಸುಳ್ಳಲ್ಲ. ಕೊಯ್ದ ಅರೇಬಿಕಾ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಬೇಕು. ರಾಶಿಯಲ್ಲೇ ಬಿಟ್ಟರೆ ಹುಳಿಯಲು ಶುರುವಾಗಿ ಕಾಫಿಯ ಗುಣ ಕೆಡುತ್ತದೆ. ಅದು ಗೊತ್ತಿದ್ದೇ ಕೆಲಸ ಶುರು ಮಾಡಿದೆ. ಒಂದು, ಎರಡು, ನಾಲ್ಕನೇ ಪ್ಲಗ್‌ಗಳು ಸಲೀಸಾಗಿ ಬಂದವು. ಮೂರನೆಯದು ಅಲುಗಲಿಲ್ಲ.

ಅದರ ಕಾಯಿಲ್ ಕಿತ್ತಾಗಲೇ ಅನುಮಾನ ಬಂದಿತ್ತು. ಕಾಯಿಲ್ಲಿನ ಮೇಲೆ ಕೂರುವ ರಬ್ಬರ್ ಸೀಲೇ ಇರಲಿಲ್ಲ. ಕೆಳಗಿನ ರಬ್ಬರಿನ ಮೇಲೆ ಉದ್ದಕ್ಕೆ ಒಂದು ಬೂದು ಗೆರೆ ಇತ್ತು, ಕಿಡಿ ಸೋರಿದ ಗುರುತು. ಟಾರ್ಚ್ ಹಾಕಿ ನೋಡಿದರೆ ಪ್ಲಗ್ ಕೂರುವ ಕುಳಿಯ ಗೋಡೆಯಲ್ಲಿ ನೀರು ನಿಂತಿದ್ದ ಕಂದು ಗೆರೆ. ತಳದಲ್ಲಿ ಕೆಂಪು ಮಣ್ಣು, ತುಕ್ಕಿನ ಹಕ್ಕಳೆ, ಒಣಗಿದ ಎಲೆಯ ಚೂರು. ಕುಳಿಯನ್ನು ಗಾಳಿ ಹೊಡೆದು ಚೊಕ್ಕ ಮಾಡದೆ ಯಾವ ಪ್ಲಗ್ಗಿಗೂ ಪಾನಾ ಹಾಕಬಾರದು. ಪ್ಲಗ್ ಸಡಿಲವಾದ ಕೂಡಲೇ ಆ ಮರಳೆಲ್ಲ ಸಿಲಿಂಡರಿಗೆ ಬೀಳುತ್ತದೆ. ಗಾಳಿ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ.

ನಮ್ಮ ಕಡೆ ನೀರು ಎಲ್ಲಿಂದ ಬರುತ್ತದೆ ಅಂದರೆ ಬರೀ ಮಳೆಯಿಂದಲ್ಲ. ತೋಟದ ದಾರಿಯಲ್ಲಿ ಓಡಿದ ಗಾಡಿಗೆ ಕೆಸರು ಮೆತ್ತಿರುತ್ತದೆ. ವಾಟರ್ ಸರ್ವಿಸಿನಲ್ಲಿ ಸೀಟು ಎತ್ತಿ ಎಂಜಿನ್ನಿಗೆ ನೇರವಾಗಿ ಪ್ರೆಶರಿನಲ್ಲಿ ನೀರು ಹೊಡೆಸುತ್ತಾರೆ. ಕಾಯಿಲ್ಲಿನ ಸೀಲ್ ಇಲ್ಲದಿದ್ದರೆ ನೀರು ಕುಳಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಪ್ಲಗ್ ಕೂರುವ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಂ. ಪ್ಲಗ್ ಉಕ್ಕು. ಎರಡು ಬೇರೆ ಲೋಹಗಳ ನಡುವೆ ತೇವ ಉಳಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಸಂದಿನಲ್ಲಿ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಅದರ ಜೊತೆಗೆ ಒಳಗಡೆ, ಪ್ಲಗ್ಗಿನ ತುದಿಯ ಥ್ರೆಡ್ಡಿಗೆ (ತಿರುಪಿನ ಸುತ್ತುಗಳಿಗೆ) ಕಾರ್ಬನ್ ಕಟ್ಟಿರುತ್ತದೆ. ಹಿಂದೆ ಯಾರೋ ಅಳತೆ ಮೀರಿ ಬಿಗಿ ಮಾಡಿದ್ದರಂತೂ ಮುಗಿಯಿತು.

ಈ ಹಂತದಲ್ಲಿ ನಾನು ಪಾನಾ ಕೆಳಗಿಟ್ಟು ಗಾಡಿಯ ಯಜಮಾನರನ್ನು ಹತ್ತಿರ ಕರೆಯುತ್ತೇನೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇಲ್ಲ ಅಂತ ನನ್ನ ನಂಬಿಕೆ. ಪ್ಲಗ್ ಹೇಗೂ ಬಿಸಾಡುವ ಸಾಮಾನು. ಹೆಡ್ಡಿನ ಥ್ರೆಡ್ ಕಿತ್ತು ಬಂದರೆ ಹೆಡ್ ಇಳಿಸಬೇಕು, ಲೇತಿಗೆ ಕಳಿಸಿ ಹೊಸ ಥ್ರೆಡ್ ಇರುವ ಇನ್ಸರ್ಟ್ ಹಾಕಿಸಬೇಕು, ಗ್ಯಾಸ್ಕೆಟ್ ಹೊಸದು ಬೇಕು. ಸೀಸನ್ನಿನಲ್ಲಿ ದಿನಗಟ್ಟಲೆ ಗಾಡಿ ನಿಲ್ಲುತ್ತದೆ. ಇದನ್ನು ಪ್ಲಗ್ ಮುರಿಯುವ ಮೊದಲೇ ಹೇಳಬೇಕು. ಮುರಿದ ಮೇಲೆ ಹೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ. ಕುಳಿಯೊಳಗೆ ಟಾರ್ಚ್ ಹಿಡಿದು ಅವರಿಗೆ ತೋರಿಸಿದೆ. "ಇವತ್ತು ಎಳೆದರೆ ಬರಬಹುದು, ಬರುವಾಗ ಹೆಡ್ಡನ್ನೂ ಹಾಳು ಮಾಡಬಹುದು. ರಾತ್ರಿ ಎಣ್ಣೆಯಲ್ಲಿ ನೆನೆಯಲಿ ಸಾರ್" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದ ತೋಟದವರಿಗೆ ಫೋನ್ ಮಾಡಿ ಜೀಪ್ ಕೇಳಿದರು. ಹಣ್ಣು ಅದರಲ್ಲಿ ಹೋಯಿತು.

ಈಗ ಎಣ್ಣೆಯ ವಿಷಯ. ತುಕ್ಕು ಬಿಡಿಸುವ ಎಣ್ಣೆಯನ್ನು ಸುಮ್ನೆ ಕುಳಿಗೆ ಸುರಿದರೆ ಥ್ರೆಡ್ಡಿಗೆ ತಲುಪುವುದಿಲ್ಲ. ಪ್ಲಗ್ಗಿನ ವಾಷರ್ ಹೆಡ್ಡಿಗೆ ಬಿಗಿಯಾಗಿ ಒತ್ತಿಕೊಂಡು ದಾರಿ ಮುಚ್ಚಿರುತ್ತದೆ. ಅದಕ್ಕೇ ಮೊದಲು ಬಿಗಿ ಮಾಡುವ ಕಡೆಗೆ ಒಂದು ಸಣ್ಣ ಒತ್ತು, ಆಮೇಲೆ ಬಿಚ್ಚುವ ಕಡೆಗೆ ಒಂದು ಒತ್ತು ಕೊಡಬೇಕು. ಕೂದಲೆಳೆಯಷ್ಟು ಅಲುಗಿದರೂ ಸಾಕು, ಎಣ್ಣೆ ಇಳಿಯುತ್ತದೆ. ಆರು ಮೂಲೆಯ ಸಾಕೆಟ್ಟೇ ಬೇಕು, ಹನ್ನೆರಡು ಮೂಲೆಯದು ತುಕ್ಕು ಹಿಡಿದ ತಲೆಯನ್ನು ಉರುಟು ಮಾಡುತ್ತದೆ. ಎಕ್ಸ್‌ಟೆನ್ಶನ್ ನೆಟ್ಟಗಿರಬೇಕು. ಓರೆಯಾದರೆ ಪಿಂಗಾಣಿ ಒಡೆಯುತ್ತದೆ. ಹ್ಯಾಂಡಲಿಗೆ ಪೈಪ್ ಹಾಕಿ ಉದ್ದ ಮಾಡುವುದು, ಗಾಳಿಯ ಒತ್ತಡದಲ್ಲಿ ತಿರುಗಿಸಿ ಬಿಚ್ಚುವ ಗನ್ ಹಿಡಿಯುವುದು ನಮ್ಮ ಗ್ಯಾರೇಜಿನಲ್ಲಿ ಪ್ಲಗ್ಗಿನ ಹತ್ತಿರ ಇಲ್ಲವೇ ಇಲ್ಲ. ಪೈಪ್ ಹಾಕಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಈ ಕೆಲಸದಲ್ಲಿ ಕೈಗೆ ಗೊತ್ತಾಗುವುದೇ ಮುಖ್ಯ.

ಏನು ಗೊತ್ತಾಗಬೇಕು ಅಂದರೆ, ಒಳ್ಳೆಯ ಬಿಡುಗಡೆಗೆ ಒಂದು ಚುರುಕಾದ "ಟಕ್" ಇರುತ್ತದೆ. ಒತ್ತಿದಷ್ಟೂ ಹ್ಯಾಂಡಲ್ ರಬ್ಬರಿನಂತೆ ಸ್ವಲ್ಪ ಸ್ವಲ್ಪ ಬಗ್ಗುತ್ತಾ ಬಂದು ಟಕ್ ಅನ್ನದಿದ್ದರೆ, ಅಲ್ಲಿ ಪ್ಲಗ್ ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲಿಗೆ ನಿಲ್ಲಿಸಬೇಕು. ಗ್ಯಾರೇಜಿನ ಹುಡುಗನ ಕೈಯನ್ನು ನನ್ನ ಕೈ ಕೆಳಗಿಟ್ಟು ಇದನ್ನು ತೋರಿಸಿದೆ. ಬಾಯಲ್ಲಿ ಹೇಳಿದರೆ ಇದು ಅರ್ಥವಾಗುವುದು ಕಷ್ಟ.

ಬೆಳಿಗ್ಗೆ ಕುಳಿಯಲ್ಲಿ ಉಳಿದ ಎಣ್ಣೆಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೆದೆವು, ಕಾಯಿಲ್ಲಿನ ರಬ್ಬರಿಗೆ ಆ ಎಣ್ಣೆ ಆಗಿಬರುವುದಿಲ್ಲ. ಬಿಚ್ಚಿದ್ದ ಮೂರು ಪ್ಲಗ್ ವಾಪಸ್ ಹಾಕಿ, ಕಾಯಿಲ್ ಕೂರಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿದೆವು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಹೆಡ್ ಉಗುರು ಬೆಚ್ಚಗಿದ್ದಾಗ ಹಿಡಿತ ಸ್ವಲ್ಪ ಸಡಿಲಾಗುತ್ತದೆ. ಪೂರ್ತಿ ಬಿಸಿ ಎಂಜಿನ್ನಿನಲ್ಲಿ ಮಾತ್ರ ಬಿಚ್ಚಬಾರದು. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಾಗಿ ಪ್ಲಗ್ಗಿನ ಜೊತೆಯೇ ಕಿತ್ತು ಬರುವ ಅಪಾಯ ಇದೆ. ಕೈ ಇಟ್ಟರೆ ಸುಡಬಾರದು, ಅಷ್ಟೇ ನನ್ನ ಅಳತೆ. ಸುಲಭವಾಗಿ ಬರುವ ಪ್ಲಗ್ಗಿಗೆ ಇದೆಲ್ಲ ಬೇಡ, ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಬೇಕು.

"ಟಕ್" ಅಂತು. ಹುಡುಗ "ಬಂತು ಅಣ್ಣಾ!" ಅಂದ. ಎಷ್ಟೋ ಥ್ರೆಡ್ಡುಗಳು ಹಾಳಾಗುವುದು ಈ "ಬಂತು" ಆದ ಮೇಲೆ. ಖುಷಿಯಲ್ಲಿ ಗರಗರ ತಿರುಗಿಸಿಬಿಡುತ್ತಾರೆ. ಕಾಲು ಸುತ್ತು ಬಂದು ಮತ್ತೆ ಬಿಗಿಯಾದರೆ, ಕೆಳಗಿನ ಕಾರ್ಬನ್ ಥ್ರೆಡ್ಡಿನೊಳಗೆ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ಆಗ ವಾಪಸ್ ಒಳಗೆ ತಿರುಗಿಸಬೇಕು, ಎಣ್ಣೆ ಬಿಡಬೇಕು, ಕಾಯಬೇಕು, ಮತ್ತೆ ಸ್ವಲ್ಪ ಹೊರಗೆ. ಸ್ವಲ್ಪ ಮುಂದೆ ಹೋದರೆ ಮತ್ತೆ ಹಿಂದಕ್ಕೂ ಬರಬೇಕು. ನಡುನಡುವೆ ಬಿಳಿ ಬಟ್ಟೆಗೆ ಆ ಎಣ್ಣೆ ಒರೆಸಿ ನೋಡುತ್ತೇನೆ. ಕಂದು ಬಣ್ಣ ಇದ್ದರೆ ತುಕ್ಕು, ಕಪ್ಪಿದ್ದರೆ ಕಾರ್ಬನ್, ಎರಡೂ ಪರವಾಗಿಲ್ಲ. ಬೆಳ್ಳಿಯ ಹೊಳಪು ಕಂಡರೆ ಹೆಡ್ಡಿನ ಲೋಹ ಬರುತ್ತಿದೆ. ಅವತ್ತು ಕಂದು, ಕಪ್ಪು ಮಾತ್ರ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಪ್ಲಗ್ ಇಡಿಯಾಗಿ ಕೈಗೆ ಸಿಕ್ಕಿತು.

ಮುರಿದಿದ್ದರೆ ದಾರಿ ಬೇರೆ ಇತ್ತು. ಪಿಂಗಾಣಿಯ ಚೂರು ಒಳಗೆ ಬಿದ್ದರೆ ಸಿಲಿಂಡರಿನ ಗೋಡೆ ಗೀರಿಬಿಡುತ್ತದೆ, ಅದು ಲೋಹಕ್ಕಿಂತ ಗಟ್ಟಿ. ಅಂಥ ಹೊತ್ತಿನಲ್ಲಿ ಸೆಲ್ಫ್ ಹೊಡೆಯದೆ ಮೊದಲು ಚೂರು ತೆಗೆಯಬೇಕು. ಹೆಡ್ಡಿನಲ್ಲೇ ಉಳಿದ ಪ್ಲಗ್ಗಿನ ಲೋಹದ ಚಿಪ್ಪನ್ನು, ಒಳಗಿಂದ ಕಚ್ಚಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಹಾಕಿ ಬಿಡಿಸಬೇಕು.

ಹೊರಗೆ ಬಂದ ಪ್ಲಗ್‌ಗಳನ್ನು ಸಿಲಿಂಡರಿನ ಸಾಲಿನಲ್ಲೇ ಜೋಡಿಸಿಡಿ. ತುದಿ ತಿಳಿ ಕಂದಾಗಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಕಿಡಿ ಸರಿಯಿಲ್ಲ, ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ, ಲೋಹದ ಪಕ್ಕದಲ್ಲೇ ಕಂದು ಬಳೆಯಂಥ ಕಲೆ ಕಂಡರೆ ಗ್ಯಾಸ್ ಸೋರಿದೆ ಅಂತ ಹೆದರಬೇಡಿ. ಹೈ ವೋಲ್ಟೇಜಿಗೆ ಎಣ್ಣೆಯ ಸೂಕ್ಷ್ಮ ಹನಿಗಳು ಅಂಟಿ ಆಗುವ ಕಲೆ ಅದು. ಹಳೇ ಗಾಡಿ ಕೊಳ್ಳುವವರು ಒಂದು ಪ್ಲಗ್ಗನ್ನಾದರೂ ಬಿಚ್ಚಿಸಿ ನೋಡಿದರೆ ಒಳ್ಳೆಯದು. ಇಷ್ಟೆಲ್ಲ ಅದರಲ್ಲೇ ಕಾಣುತ್ತದೆ.

ಹೊಸದು ಹಾಕುವ ಮೊದಲು ಥ್ರೆಡ್ ಚೊಕ್ಕ ಮಾಡುವ, ತಿರುಪಿನಂಥ ಟ್ಯಾಪ್ ಎಂಬ ಸಾಧನದ ಸಂದಿಗೆಲ್ಲ ಗ್ರೀಸ್ ತುಂಬಿ ಕೈಯಲ್ಲೇ ನಿಧಾನಕ್ಕೆ ಇಳಿಸಿದೆವು. ಕಸ ಗ್ರೀಸಿಗೆ ಅಂಟಿ ಮೇಲೆ ಬರುತ್ತದೆ. ಆಮೇಲೆ ಪೆಟ್ರೋಲ್ ಪಂಪಿನ ಫ್ಯೂಸ್, ಕಾಯಿಲ್ಲಿನ ಕನೆಕ್ಟರ್ ಎಲ್ಲ ಬಿಚ್ಚಿ, ಪ್ಲಗ್ ಇಲ್ಲದೆ ಒಂದು ಸಲ ಸೆಲ್ಫ್ ಹೊಡೆದರೆ ಅಳಿದುಳಿದದ್ದು ಗಾಳಿಯ ಜೊತೆ ಹೊರಗೆ ಹಾರುತ್ತದೆ.

ಪ್ಲಗ್ ಇಳಿಸಲು ನಾನು ಪೆಟ್ರೋಲ್ ಹೋಸಿನ ಒಂದು ತುಂಡು ಬಳಸುತ್ತೇನೆ. ಪ್ಲಗ್ಗಿನ ಮೇಲ್ತುದಿಗೆ ಅದನ್ನು ಸಿಕ್ಕಿಸಿ ಬೆರಳಲ್ಲಿ ತಿರುಗಿಸಬೇಕು. ಥ್ರೆಡ್ ಅಡ್ಡ ಕೂತರೆ ಹೋಸ್ ಜಾರುತ್ತದೆ, ಹೆಡ್ಡಿಗೆ ಏನೂ ಆಗುವುದಿಲ್ಲ. ವಾಷರ್ ತಾಗುವವರೆಗೂ ಪಾನಾ ಮುಟ್ಟುವ ಹಾಗಿಲ್ಲ. 14 ಮಿಲಿಮೀಟರ್ ಥ್ರೆಡ್ಡಿನ ಹೊಸ ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸುಮಾರು 25 ನ್ಯೂಟನ್ ಮೀಟರ್ ಸಾಕು. 25 ಸೆಂಟಿಮೀಟರ್ ಉದ್ದದ ಹ್ಯಾಂಡಲಿನ ತುದಿಗೆ 10 ಕೆಜಿ ತೂಗುಬಿಟ್ಟಷ್ಟು. ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ವಾಷರ್ ತಾಗಿದ ಮೇಲೆ ಅರ್ಧ ಸುತ್ತು. 12 ಮಿಲಿಮೀಟರಿನದಕ್ಕೆ ಇದಕ್ಕಿಂತ ಕಡಿಮೆ, ಗಾಡಿಯ ಪುಸ್ತಕ ನೋಡಿಕೊಳ್ಳಿ.

ಥ್ರೆಡ್ಡಿಗೆ ಗ್ರೀಸ್ ಅಥವಾ ಹಿಡಿದುಕೊಳ್ಳದ ಹಾಗೆ ಬಳಿಯುವ ಆ್ಯಂಟಿ ಸೀಜ್ ಪೇಸ್ಟ್ ಬಳಿಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಈಗಿನ ಒಳ್ಳೆಯ ಪ್ಲಗ್‌ಗಳ ಥ್ರೆಡ್ಡಿಗೆ ತುಕ್ಕು ಹಿಡಿಯದ ಲೇಪ ಇರುತ್ತದೆ, ನಾನು ಹಾಕುವುದಿಲ್ಲ. ಜಾರುವ ಥ್ರೆಡ್ಡಿಗೆ ಅದೇ ಟಾರ್ಕ್ ಕೊಟ್ಟರೆ ಪ್ಲಗ್ ಲೆಕ್ಕಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ. ನಾಳೆ ಬಿಚ್ಚುವವನಿಗೆ ಅನುಕೂಲವಾಗಲಿ ಅಂತ ಬಳಿದದ್ದು ಥ್ರೆಡ್ಡನ್ನೇ ಎಳೆದುಬಿಡುತ್ತದೆ. ಕಾಯಿಲ್ಲಿನ ರಬ್ಬರಿನ ಒಳಬಾಯಿಗೆ ಮಾತ್ರ ಸಿಲಿಕೋನ್ ಗ್ರೀಸ್ ಒಂದು ಚಿಟಿಕೆ ಸವರುತ್ತೇನೆ, ನೀರು ತಡೆಯುತ್ತದೆ.

ಮೂರನೇ ಕಾಯಿಲ್ ಬದಲಾಯಿಸಿ, ನಾಲ್ಕಕ್ಕೂ ಹೊಸ ಸೀಲ್ ಹಾಕಿದೆವು. ಜಲ್ಲಿ ಚೀಲ ಹೇರಿ ಮಡಿಕೇರಿ ಕಡೆಯ ಏರಿನಲ್ಲಿ ಓಡಿಸಿ ನೋಡಿದೆವು, ಎಳೆತ ಸರಿಯಾಗಿತ್ತು. ಸೀಟಿನ ಕೆಳಗಿನ ತಗಡಿನ ಮೇಲೆ ತಾರೀಕು, ಕಿಲೋಮೀಟರ್, ಪ್ಲಗ್ಗಿನ ನಂಬರ್ ಮಾರ್ಕರಿನಲ್ಲಿ ಬರೆದೆ. ವಾಟರ್ ಸರ್ವಿಸ್ ಮಾಡಿಸುವಾಗ ಸೀಟು ಎತ್ತಿಸಬೇಡಿ, ಎಂಜಿನ್ ಒರೆಸಿದರೆ ಸಾಕು ಅಂತ ಯಜಮಾನರಿಗೆ ಹೇಳಿ ಕಳಿಸಿದೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದೇ ಆದರೆ ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ ಬನ್ನಿ ಅಂತಲೂ ಅಂದೆ. ಒಳಗಿನ ತೇವ ಆರುವುದು ಹಾಗೆಯೇ.